ಚಾರ್ಟ್ ನೋಡಿದ್ರೆ ಸಾಲದು, ಫ್ಯಾನ್ ಆಫ್ ಮಾಡಿ

ಪ್ರಶ್ನೆ: ಸರ್, ಚಾರ್ಟ್‌ನಲ್ಲಿ ಇದ್ದಂತೆಯೇ ಬೆರಳಿಟ್ಟರೂ ಫ್ಲೂಟ್‌ನಲ್ಲಿ ಎರಡು ಸ್ವರ ಒಟ್ಟಿಗೆ ಬರುತ್ತಿಲ್ಲ. ದುಬಾರಿ ಫ್ಲೂಟ್ ಕೊಳ್ಳಬೇಕಾ? (ವಿದ್ಯಾರ್ಥಿ, ಕಲಬುರಗಿ)

ಉತ್ತರ: ಬೇಡ. ಇದೇ ಪ್ರಶ್ನೆ ತಿಂಗಳಿಗೆ ನಾಲ್ಕು ಸಲ ಬರುತ್ತೆ, ಅದಕ್ಕೇ ಈ ಸಲ ಬಿಡಿಸಿ ಹೇಳ್ತೀನಿ. ಬೆರಳು ಎಲ್ಲಿಡಬೇಕು ಅಂತಷ್ಟೇ ಚಾರ್ಟ್ ಹೇಳುತ್ತದೆ. ಮಲ್ಟಿಫೋನಿಕ್, ಅಂದರೆ ಎರಡು ಸ್ವರ ಒಟ್ಟಿಗೆ ನುಡಿಯುವುದು, ಕೂಡಿ ಬರುವುದು ತುಟಿಯಲ್ಲಿ. ಬೆರಳು ಕದಲಿಸದೆ ಮೊದಲು ಕೆಳಗಿನ ಸ್ವರ ಒಂದನ್ನೇ ಊದಿ, ಆಮೇಲೆ ಮೇಲಿನದು ಒಂದನ್ನೇ. ಕೆಳಗಿನದಕ್ಕೆ ಗಾಳಿ ನಿಧಾನ. ಮೇಲಿನದಕ್ಕೆ ಬಿರುಸು, ತುಟಿ ಚೂರು ಮುಂದೆ. ಇಲ್ಲಿಂದ ಅಲ್ಲಿಗೆ ಹತ್ತು ಸಲ ಹೋಗಿ ಬನ್ನಿ. ನಡುವೆ ಒಂದು ಕಡೆ ದನಿ ಒಡೆದ ಹಾಗಾಗುತ್ತದೆ. ಎಲ್ಲರೂ ಗಾಬರಿಯಾಗಿ ಬಿಟ್ಟುಬಿಡುವುದು ಅಲ್ಲೇ. ನಿಲ್ಲಬೇಕಾದದ್ದೂ ಅಲ್ಲೇ. ಜೋರು ಮಾಡಬೇಡಿ, ಮೇಲಿನ ಸ್ವರ ಕೆಳಗಿನದನ್ನು ನುಂಗಿಬಿಡುತ್ತದೆ.

ಫ್ಯಾನ್ ಆಫ್ ಮಾಡಿ. ಮೇ ತಿಂಗಳ ನಮ್ಮ ಬಿಸಿಲಲ್ಲಿ ಇದು ಕಷ್ಟ, ಗೊತ್ತು. ಆದರೆ ಊದುವ ತೂತಿನ ಮೇಲೆ ಅಡ್ಡಗಾಳಿ ಹಾದರೆ ನಿಮ್ಮ ಉಸಿರು ಚದುರಿ ಹೋಗುತ್ತದೆ. ಹೋದ ಬೇಸಿಗೆ ಒಬ್ಬ ಹುಡುಗಿ ವಾರವಿಡೀ ವಿಸಲ್ ಟೋನ್ (ತೀರಾ ಮೆಲ್ಲಗೆ ಊದಿದಾಗ ಬರುವ ಸಣ್ಣ ಸೀಟಿಯಂಥ ದನಿ) ಬರದೆ ಅಳುವಂತಾಗಿದ್ದಳು. ಫ್ಯಾನ್ ನಿಲ್ಲಿಸಿದ್ದೇ ತಡ, ಬಂತು, ಕಿವಿಯ ಹತ್ತಿರ ಸೊಳ್ಳೆ ಹಾಡಿದಷ್ಟು ಸಣ್ಣಗೆ. ಬೆಳಗ್ಗೆ ಆರಕ್ಕೆ ಎದ್ದು ಕೂತರೆ ಫ್ಯಾನ್ ಬೇಕಾಗುವುದೂ ಇಲ್ಲ.

ಇನ್ನು ನುಡಿಸುವ ರೀತಿ. 1936ರಲ್ಲಿ ಸಂಯೋಜಕ ಎಡ್ಗರ್ ವರೇಸ್ ಒಂಟಿ ಫ್ಲೂಟ್‌ಗೆ ಬರೆದ ‘ಡೆನ್ಸಿಟಿ 21.5’ರಲ್ಲಿ ಕೀ (ತೂತು ಮುಚ್ಚುವ ಗುಂಡಿ) ಬಡಿಯುವ ಸದ್ದು ಬರುವುದು ಕೆಲವೇ ಸಾಲುಗಳಲ್ಲಿ. ಮೆಲ್ಲಗೆ ಊದುತ್ತಾ ಬಡಿಯಿರಿ ಅಂತ ಅವರೇ ಸೂಚಿಸಿದ್ದಾರೆ. ನಮ್ಮ ಮಕ್ಕಳು ಮಾತ್ರ ಬಾಗಿಲು ತಟ್ಟಿದಂತೆ ಬಡಿಯುತ್ತಾರೆ. ಆ ಸದ್ದು ಸ್ವರಕ್ಕೆ ಅಂಟಿಕೊಂಡೇ ಬರಬೇಕು, ಅದರಿಂದ ಬೇರೆಯಾಗಬಾರದು. ನಿಮ್ಮದನ್ನು ರೆಕಾರ್ಡ್ ಮಾಡಿ ಕೇಳಿ, ಕೀ ಸದ್ದೇ ಮುಂದಿದ್ದರೆ ಬೆರಳು ಹಗುರ ಮಾಡಿ.

ಪ್ರಶ್ನೆ: ಊದುತ್ತಾ ಹಾಡಿದರೆ ಗಂಟಲು ಕೆಡುತ್ತದಾ?

ಉತ್ತರ: ಇಲ್ಲ. ನೋವಾದರೆ ಬಿಗಿ ಹಿಡಿದಿದ್ದೀರಿ ಅಂತ ಅರ್ಥ, ಅಂದಿಗೆ ನಿಲ್ಲಿಸಿ.

ಪ್ರಶ್ನೆ: ಏಳು ದಿನದಲ್ಲಿ ಎಲ್ಲ ಕಲಿಸುವ ಕೋರ್ಸ್ ಸೇರಲಾ?

ಉತ್ತರ: ದುಡ್ಡು ಉಳಿಸಿಕೊಳ್ಳಿ.

ಪ್ರಶ್ನೆ: ನಾಲಿಗೆ ದಪ್ಪ, ಫ್ಲಟರ್ (ಊದುತ್ತಾ ನಾಲಿಗೆ ನಡುಗಿಸುವುದು) ಆಗುತ್ತಿಲ್ಲ. ಬಜೆ ತೇಯ್ದು ಹಚ್ಚಲು ಒಬ್ಬರು ಹೇಳಿದರು.

ಉತ್ತರ: ಬಜೆಗೂ ಫ್ಲಟರಿಗೂ ಏನೂ ಸಂಬಂಧ ಇಲ್ಲ. ಹೀಗೆ ಹೇಳಿ ಮಕ್ಕಳ ದಾರಿ ತಪ್ಪಿಸುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ತುದಿ ನಾಲಿಗೆ ಒಲ್ಲೆ ಅಂದರೆ ಗಂಟಲಿನಲ್ಲಿ ಮಾಡಿ. ನೀರು ಬಾಯಲ್ಲಿಟ್ಟು ತಲೆಯೆತ್ತಿ ಗಳಗಳ ಮುಕ್ಕಳಿಸಿ, ಅದೇ ನಡುಕವನ್ನು ನೀರಿಲ್ಲದೆ ಮಾಡಿ, ಆಮೇಲೆ ಫ್ಲೂಟ್ ಎತ್ತಿಕೊಳ್ಳಿ.