ಮಂಡಿಯ ಕಾಗದಕ್ಕೆ ಎಂಥ ಇಂಗ್ಲಿಷ್?

ಪ್ರಶ್ನೆ: ನಾನು ಕೋಲಾರದ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಹೊರರಾಜ್ಯದ ವ್ಯಾಪಾರಿಗಳಿಗೆ ಇಂಗ್ಲಿಷ್ ಪತ್ರ ಕಳಿಸುವುದೂ ನನ್ನದೇ ಕೆಲಸ. ‘ಯುವರ್ ಲೋಡ್ ಈಸ್ ಪುಟ್ ಆಫ್’ (ನಿಮ್ಮ ಲೋಡು ಮುಂದಕ್ಕೆ ಹೋಗಿದೆ) ಎಂದು ಬರೆದಿದ್ದಕ್ಕೆ ಸಾಹುಕಾರರ ಮಗ ನಕ್ಕ. ‘ಪುಟ್ ಆಫ್’ ಥರ ಕ್ರಿಯಾಪದಕ್ಕೆ ಚಿಕ್ಕ ಪದ ಸೇರಿಸಿದ ಫ್ರೇಸಲ್ ವರ್ಬ್ ಪತ್ರದಲ್ಲಿ ಬಳಸಲೇಬಾರದಂತೆ. ಹೌದಾ ಮೇಡಂ?

ಉತ್ತರ: ಹುಡುಗ ಹೇಳಿದ್ದು ಅರ್ಧ ಸರಿ. ‘ಪುಟ್ ಆಫ್’ ಫೋನಿನಲ್ಲಿ ಮಾತಾಡುವಾಗ ಚೆಂದ, ಪತ್ರಕ್ಕೆ ‘ಪೋಸ್ಟ್‌ಪೋನ್’ ಒಪ್ಪುತ್ತದೆ. ‘ಟರ್ನ್ ಡೌನ್’ ಕೂಡ ಹಾಗೇ. ವ್ಯಾಪಾರಿ ಹೇಳಿದ ರೇಟು ಗಿಟ್ಟದಿದ್ದರೆ ‘ವಿ ಟರ್ನ್ ಡೌನ್ ಯುವರ್ ರೇಟ್’ ಅನ್ನಬೇಡಿ, ಮುಖಕ್ಕೆ ಹೊಡೆದ ಹಾಗಿರುತ್ತದೆ. ‘ವಿ ಆರ್ ಅನೇಬಲ್ ಟು ಅಕ್ಸೆಪ್ಟ್’ ಅನ್ನಿ. ನಾಳೆ ಮತ್ತೆ ಅವರ ಜೊತೆಗೇ ವ್ಯವಹಾರ ಮಾಡಬೇಕು ಅಲ್ವಾ?

ಆದರೆ ಬಳಸಲೇಬಾರದು ಅನ್ನೋದು ಸುಳ್ಳು. ಬ್ಯಾಂಕಿನಲ್ಲಿ ಸಾಲದ ಕಾಗದ ನೋಡಿ ನೋಡಿ ಸವೆದವಳು ನಾನು. ಕರಾರನ್ನು ‘ಡ್ರಾ ಅಪ್’ (ಬರೆದು ಸಿದ್ಧ) ಮಾಡುತ್ತಾರೆ, ಷರತ್ತುಗಳನ್ನು ‘ಸೆಟ್ ಔಟ್’ (ವಿವರಣೆ) ಮಾಡುತ್ತಾರೆ, ಕೆಲಸವನ್ನು ‘ಕ್ಯಾರಿ ಔಟ್’ (ಪೂರೈಕೆ) ಮಾಡುತ್ತಾರೆ. ಲಾಯರುಗಳೇ ಹೀಗೆ ಬರೆಯುತ್ತಾರೆ. ‘ಕಂಪ್ಲೈ ವಿತ್’, ‘ಅಡ್ಹಿಯರ್ ಟು’ (ಎರಡಕ್ಕೂ ನಿಯಮ ಪಾಲಿಸು ಎಂದರ್ಥ) ಅಂತೂ ಮಾತಿಗಿಂತ ಕಾಗದದಲ್ಲೇ ಜಾಸ್ತಿ. ಲಾರಿ ಮುಳಬಾಗಿಲಿನ ಹತ್ತಿರ ಕೆಟ್ಟು ನಿಂತರೆ ‘ಬ್ರೋಕ್ ಡೌನ್’ ಎಂದೇ ಬರೆಯಿರಿ, ಸುಮ್ನೆ ದೊಡ್ಡ ಪದ ಹುಡುಕಬೇಡಿ. ಬಾಕ್ಸು ಕಡಿಮೆ ಬಂತೆಂದು ದೂರು ಬಂದರೆ ‘ವಿ ಆರ್ ಲುಕಿಂಗ್ ಇನ್‌ಟು ಇಟ್’ ಸಾಕು. ‘ಇನ್ವೆಸ್ಟಿಗೇಟ್’ ಅಂದರೆ ಪಾಪ, ಪೊಲೀಸರು ಬಂದರೇನೋ ಅಂದುಕೊಂಡಾರು!

ನಿಮ್ಮ ಸಾಲಿನಲ್ಲಿ ನನಗೆ ಕಂಡ ದೊಡ್ಡ ಕೊರತೆ ಬೇರೆ. ಲೋಡು ಯಾವತ್ತಿಗೆ ಮುಂದಕ್ಕೆ ಹೋಯಿತು ಅನ್ನೋದೇ ಇಲ್ಲವಲ್ಲ! ‘ದಿ ಡಿಸ್ಪ್ಯಾಚ್ ಹ್ಯಾಸ್ ಬೀನ್ ಪೋಸ್ಟ್‌ಪೋನ್ಡ್ ಟು ಥರ್ಸ್‌ಡೇ’ ಎಂದು ದಿನ ಹಾಕಿ. ಕೊಳೆಯುವ ಮಾಲು, ವ್ಯಾಪಾರಿ ಮೊದಲು ನೋಡೋದು ಅದನ್ನೇ.

ಇನ್ನು ‘ಇಟ್’ ಎಲ್ಲಿ ಇಡೋದು ಅನ್ನೋ ತಕರಾರು. ‘ಪುಟ್ ಇಟ್ ಆಫ್’ ಸರಿ, ‘ಪುಟ್ ಆಫ್ ಇಟ್’ ತಪ್ಪು. ‘ಲುಕ್ ಇನ್‌ಟು ಇಟ್’ ಸರಿ, ‘ಲುಕ್ ಇಟ್ ಇನ್‌ಟು’ ತಪ್ಪು. ಊಹಿಸಿ ಬರೆಯೋದಕ್ಕಿಂತ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ತೆಗೆಯಿರಿ. ‘ಪುಟ್’ ಪದದ ವಿವರಣೆ ಮುಗಿದ ಮೇಲೆ ಅದರ ಫ್ರೇಸಲ್ ವರ್ಬ್‌ಗಳು ಸಾಲಾಗಿ ಇರುತ್ತವೆ. ಎರಡೂ ಕಡೆ ಮೊನೆಯಿರುವ ಪುಟ್ಟ ಬಾಣ ಕಂಡರೆ ಮಾಲಿನ ಹೆಸರನ್ನು ನಡುವೆಯೂ ಇಡಬಹುದು, ಕೊನೆಗೂ ಇಡಬಹುದು. ಆ ಬಾಣ ಇರುವಲ್ಲಿ ‘ಇಟ್’ ಮಾತ್ರ ನಡುವೆಯೇ ಬರಬೇಕು. ‘ಫಾರ್ಮಲ್’, ‘ಇನ್‌ಫಾರ್ಮಲ್’ ಎಂಬ ಗುರುತೂ ಬೇಕಾದ ಕಡೆ ಅಲ್ಲೇ ಹಾಕಿರುತ್ತಾರೆ.