ಬೋನಿಫಾಸ್ ಓಕ್ ಮರ ಕಡಿದದ್ದು ನಿಜವಾ?

ಎಂಟನೇ ಶತಮಾನದಲ್ಲಿ ಜರ್ಮನಿಯಲ್ಲಿ ಕ್ರೈಸ್ತ ಧರ್ಮ ಸಾರಿದ ಇಂಗ್ಲೆಂಡಿನ ಪಾದ್ರಿ ಸಂತ ಬೋನಿಫಾಸ್, ಅಲ್ಲಿನವರು ಪೂಜಿಸುತ್ತಿದ್ದ ಓಕ್ ಮರ ಕಡಿದ ಜಾಗದಲ್ಲೇ ಮೊದಲ ಕ್ರಿಸ್ಮಸ್ ಟ್ರೀ ಹುಟ್ಟಿತು ಅನ್ನೋದು ನಿಜವಾ ಅಂತ ಕೇಳಿದ್ದೀರಿ. ಅರ್ಧ ನಿಜ.

ಮರ ಕಡಿದದ್ದು ಅವರ ಹಳೆಯ ಜೀವನಚರಿತ್ರೆಯಲ್ಲೇ ಇದೆ. ಅವರು ತೀರಿಕೊಂಡ ಕೆಲವೇ ವರ್ಷಗಳಲ್ಲಿ ವಿಲಿಬಾಲ್ಡ್ ಎಂಬ ಪಾದ್ರಿ ಅದನ್ನು ಬರೆದರು. ಮರ ಕಡಿದದ್ದು ಸುಮಾರು 723ರಲ್ಲಿ, ಜರ್ಮನಿಯ ಗೈಸ್ಮಾರ್‌ನಲ್ಲಿ. ಕೊಡಲಿಯೇಟು ಬಿದ್ದಿದ್ದೇ ತಡ, ಗಾಳಿ ಬೀಸಿ ಮರ ನಾಲ್ಕು ಹೋಳಾಯಿತಂತೆ. ಗಾಳಿಯ ಮಾತು ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಆ ಮರದಿಂದ ಯೇಸುವಿನ ಶಿಷ್ಯ ಪೇತ್ರನ ಹೆಸರಲ್ಲಿ ಪ್ರಾರ್ಥನಾ ಮಂದಿರ ಕಟ್ಟಿದರು. ಕ್ರಿಸ್ಮಸ್ ಟ್ರೀ ಸುದ್ದಿಯೇ ಅಲ್ಲಿಲ್ಲ, ಅದು ಎಷ್ಟೋ ಕಾಲದ ನಂತರ ಸೇರಿಕೊಂಡ ಕಥೆ.

ಒಬ್ಬರೇ ಧೈರ್ಯದಿಂದ ನುಗ್ಗಿದರು ಅಂದ್ಕೋಬೇಡಿ. ಆಗ ಆ ಕಡೆ ಆಳುತ್ತಿದ್ದ ಫ್ರಾಂಕ್ ಜನರ ದೊರೆಯ ಬೆಂಬಲ ಇಲ್ಲದಿದ್ದರೆ ಏನೂ ಸಾಗದು ಅಂತ ಅವರೇ ಪತ್ರದಲ್ಲಿ ಒಪ್ಪಿಕೊಂಡಿದ್ದಾರೆ. ನನಗಂತೂ ಮರಕ್ಕಿಂತ ಆ ಪತ್ರಗಳೇ ಜಾಸ್ತಿ ಇಷ್ಟ. ಒಂದರಲ್ಲಿ, ಕಣ್ಣು ಮಂಜಾಗಿದೆ, ಬಿಡಿಬಿಡಿಯಾಗಿ ಸ್ಪಷ್ಟ ಅಕ್ಷರದಲ್ಲಿ ಬರೆದಿರುವ ಆ ಪುಸ್ತಕ ಕಳಿಸಿ ಅಂತ ಇಂಗ್ಲೆಂಡಿನ ಬಿಷಪ್ ಡೇನಿಯಲ್‌ಗೆ ಕೇಳುತ್ತಾರೆ.

754ರಲ್ಲಿ, ಇಳಿವಯಸ್ಸಲ್ಲಿ, ಫ್ರೀಸಿಯಾದ (ಈಗಿನ ನೆದರ್ಲೆಂಡ್ಸ್‌ನ) ಡೊಕ್ಕುಮ್ ಹತ್ತಿರ ಅವರನ್ನು ಕೊಂದರು. ಚಿನ್ನ ಸಿಗುತ್ತೆ ಅಂತ ಪೆಟ್ಟಿಗೆ ಒಡೆದವರಿಗೆ ಸಿಕ್ಕಿದ್ದು ಬರೀ ಪುಸ್ತಕ! ಅವರ ಸಮಾಧಿ ಜರ್ಮನಿಯ ಫುಲ್ಡಾದಲ್ಲಿದೆ. ಕತ್ತಿಯೇಟಿನ ಗುರುತಿರುವ ಒಂದು ಹಸ್ತಪ್ರತಿಯೂ ಅಲ್ಲೇ ಇದೆ. ಸಾಯುವಾಗ ಅವರ ಕೈಯಲ್ಲಿದ್ದದ್ದು ಅದೇ ಅನ್ನೋದು ನಂಬಿಕೆ.