ಮಂಚಕ್ಕೆ ಉದ್ದದ ಮರ ಬೇಕಾಗುವುದು ಮೂರೇ ತುಂಡು

ನೀವು ಕೇಳಿರೋದು ಇಷ್ಟು: ಬೆಂಗಳೂರಿನಲ್ಲಿ ಬಾಡಿಗೆ ಮನೆ, 78x60 ಇಂಚಿನ ಹಾಸಿಗೆ ಈಗಾಗಲೇ ಇದೆ, ಮಂಚ ನಾನೇ ಮಾಡಬೇಕು, ತೇಗಕ್ಕೆ ದುಡ್ಡಿಲ್ಲ. ಯಾವ ಮರ ತಗೊಳ್ಳಲಿ, ಹೇಗೆ ತಗೊಳ್ಳಲಿ?

ನಾನು ಬಡಗಿಯಲ್ಲ. ಭಾನುವಾರ ಮಾತ್ರ ಗರಗಸ ಹಿಡಿಯುವವನು. ಇದುವರೆಗೆ ಎರಡು ಮಂಚ ಮಾಡಿದ್ದೇನೆ. ಮೊದಲನೆಯದರ ಕಥೆ ಕೇಳಿ. ಅಗ್ಗ ಅಂತ ಅಕೇಶಿಯಾ ಆರಿಸಿದೆ. ಸಾಮಿಲ್‌ನಲ್ಲಿ ಆಗಷ್ಟೇ ಕೊಯ್ದ ಹಲಗೆ ತಂದು, ಅದೇ ವಾರ ಜೋಡಿಸಿಬಿಟ್ಟೆ. ಎರಡು ತಿಂಗಳಲ್ಲಿ ಪಕ್ಕದ ಪಟ್ಟಿ ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ತಿರುಚಿಕೊಂಡಿತು. ಒಂದು ಕಾಲು ನೆಲ ಬಿಟ್ಟು ಮೇಲೆದ್ದಿತು. ಅದರ ಕೆಳಗೆ ರಟ್ಟು ಮಡಚಿಟ್ಟು ವರ್ಷ ತಳ್ಳಿದೆವು. ತಪ್ಪು ಮರದ್ದಲ್ಲ, ನನ್ನದೇ. ಹಸಿ ಮರ ತಂದಿದ್ದೆ.

ಹಾಗಾಗಿ ಜಾತಿಗಿಂತ ಮೊದಲು ಒಣಗಿದೆಯಾ ಅಂತ ನೋಡಿ. ಒಂದಿಂಚು ದಪ್ಪದ ಹಲಗೆ ನೆರಳಲ್ಲಿ ಒಣಗಲು ಸುಮಾರು ಒಂದು ವರ್ಷ ಬೇಕು ಅನ್ನುವುದು ಹಳೆಯ ಲೆಕ್ಕ. ಬಾಡಿಗೆ ಮನೆಯಲ್ಲಿ ಹಾಗೆ ಪೇರಿಸಿಡೋಕೆ ಎಲ್ಲಿ ಜಾಗ? ಒಣಗಿದ್ದನ್ನೇ ಕೊಳ್ಳಬೇಕು. ಅಂಗಡಿಯವರು ಒಣಗಿದೆ ಅಂದರೆ ನಂಬಿ, ಆದರೆ ಒಂದು ಗೇಣಿನ ತುಂಡು ಕೇಳಿ ತನ್ನಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಹತ್ತು ದಿನ ಬಿಟ್ಟು ಮತ್ತೆ ತೂಗಿ. ತೂಕ ಚೆನ್ನಾಗಿ ಇಳಿದಿದ್ದರೆ ಆ ಮಾಲು ಇನ್ನೂ ಹಸಿ. ಆತುರ ಇದ್ದರೆ ತೇವ ನೋಡುವ ಪುಟ್ಟ ಮೀಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಶೇಕಡಾ 12ರ ಆಸುಪಾಸು ತೋರಿಸಿದರೆ ಧೈರ್ಯವಾಗಿ ತಗೊಳ್ಳಿ.

ಈಗ ಜಾತಿ. ನನ್ನ ಮೊದಲ ಆಯ್ಕೆ ಹಲಸು. ತೇಗಕ್ಕಿಂತ ಅಗ್ಗ, ಉಳಿಗೆ ಚೆನ್ನಾಗಿ ಬಗ್ಗುತ್ತದೆ, ಚೇಗಿಗೆ, ಅಂದರೆ ಒಳಗಿನ ಗಟ್ಟಿ ಭಾಗಕ್ಕೆ, ಗೆದ್ದಲು ಸುಲಭಕ್ಕೆ ಹತ್ತುವುದಿಲ್ಲ. ವೀಣೆ ಮಾಡುವುದೂ ಈ ಮರದಲ್ಲೇ ಅಲ್ವಾ. ಹೊಸದರಲ್ಲಿ ಅರಿಶಿನ ಬಣ್ಣ ಕಣ್ಣಿಗೆ ಹೊಡೆಯುತ್ತದೆ, ಬರಬರುತ್ತಾ ಕಂದಾಗುತ್ತದೆ. ಚೆನ್ನಾಗಿ ಒಣಗಿದ ಅಕೇಶಿಯಾ ಗಟ್ಟಿ, ಆದರೆ ಮೊಳೆ ಹೊಡೆದರೆ ಸೀಳುತ್ತದೆ. ಮೊದಲು ತೂತು ಕೊರೆದು ಸ್ಕ್ರೂ ಹಾಕಬೇಕು. ಕಾಫಿ ತೋಟದ ಸಿಲ್ವರ್ ಓಕ್ ಅಗ್ಗ, ಹಗುರ. ಕುಟ್ಟೆ ಹಿಡಿಯುವ ಮರವಾದ್ದರಿಂದ ಔಷಧಿ ಹಾಕಿದ್ದು ಮಾತ್ರ ತಗೊಳ್ಳಿ. ರಬ್ಬರ್ ಮರಕ್ಕೂ ಇದೇ ಮಾತು. ನೀಲಗಿರಿ ಬೇಡ, ತಿರುಚುವುದರಲ್ಲಿ ಅದು ಅಕೇಶಿಯಾಕ್ಕೂ ಅಣ್ಣ. ಇನ್ನು "ಕಾಡು ಮರ ಇದೆ ಸಾರ್" ಅಂದರೆ ಅದು ಯಾವುದೂ ಆಗಿರಬಹುದು. ಹೆಸರು ಕೇಳಿ. ಹೆಸರು ಹೇಳದಿದ್ದರೆ ಮುಂದಿನ ಅಂಗಡಿಗೆ ನಡೀರಿ.

ಯಾವ ಮರವಾದರೂ ಅಂಚಿನ ಬಿಳಿ ಭಾಗ ಕಡಿಮೆ ಇರಲಿ. ಹುಳ ಮೊದಲು ಬಾಯಿ ಹಾಕುವುದು ಅಲ್ಲಿಗೇ.

ದುಡ್ಡು ಉಳಿಯುವ ಜಾಗ ಬೇರೆ. ಡಿಪೋದಲ್ಲಿ ಉದ್ದ ಹೆಚ್ಚಿದಷ್ಟೂ ಘನ ಅಡಿಯ ದರವೂ ಏರುತ್ತದೆ. ನಿಮ್ಮ ಮಂಚದಲ್ಲಿ ಏಳಡಿ ಉದ್ದ ಬೇಕಾಗುವುದು ಎರಡು ಪಕ್ಕದ ಪಟ್ಟಿಗೆ, ಒಂದು ನಡುತೊಲೆಗೆ, ಅಷ್ಟೇ. ಉಳಿದದ್ದೆಲ್ಲ ಐದೂವರೆ ಅಡಿಯೊಳಗೆ ಮುಗಿಯುತ್ತದೆ. ಹಾಗಾಗಿ "ಮಂಚಕ್ಕೆ ಮರ ಕೊಡಿ" ಅಂತ ಕೇಳಬೇಡಿ. ಏಳಡಿಯವು ಮೂರು, ಉಳಿದದ್ದು ತುಂಡು ಮಾಲು ಅಂತ ಕೇಳಿ. ಮೂಲೆಯಲ್ಲಿ ಬಿದ್ದಿರುವ ತುಂಡುಗಳಿಗೆ ದರ ಇಳಿಸಿಯೇ ಇಳಿಸುತ್ತಾರೆ.

ಲೆಕ್ಕವನ್ನು ಮನೆಯಲ್ಲೇ ಮಾಡಿಕೊಂಡು ಹೋಗಿ. ಅಗಲ ಇಂಚು, ದಪ್ಪ ಇಂಚು, ಉದ್ದ ಅಡಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ. 6 ಇಂಚು ಅಗಲ, ಒಂದೂವರೆ ಇಂಚು ದಪ್ಪದ ಏಳಡಿ ಪಟ್ಟಿ ಎರಡು ಅಂದರೆ 0.88. ಹೀಗೇ ತಲೆ ಕಡೆ, ಕಾಲ ಕಡೆ ಪಟ್ಟಿ, 3x3ರ ನಾಲ್ಕು ಕಾಲು, ನಡುತೊಲೆ, ತಲೆ ಕಡೆಗೆ ಮೂರು ಹಲಗೆ, ಹಾಸಿಗೆ ಹೊರುವ 3 ಇಂಚು ಅಗಲದ 14 ಅಡ್ಡಪಟ್ಟಿ, ಅವು ಕೂರುವ ಸಣ್ಣ ರೀಪಿನ ತುಂಡುಗಳು, ಎಲ್ಲ ಸೇರಿಸಿದರೆ ನನ್ನ ಅಳತೆಯಲ್ಲಿ 4.8 ಘನ ಅಡಿ ಬಂತು. ಕೊಯ್ತಕ್ಕೆ, ಗಂಟಿಗೆ ಹೋಗುವುದು ಸೇರಿ ಐದೂವರೆ ಹಿಡಿಯಿರಿ. ಒಂದು ನೆನಪಿರಲಿ: ಒಂದೂವರೆ ಇಂಚಿನ ಹಲಗೆ ಎರಡೂ ಕಡೆ ನುಣುಪು ಮಾಡಿದ ಮೇಲೆ ಒಂದೂಕಾಲು ಇಂಚು ಉಳಿದರೆ ಪುಣ್ಯ. ದುಡ್ಡು ಕೊಡುವುದು ಮಾತ್ರ ಒಂದೂವರೆಗೇ.

ಅಡ್ಡಪಟ್ಟಿ ಯಾಕೆ, ಮೇಲೆ ಪ್ಲೈವುಡ್ ಹಾಕಿದರೆ ಆಗಲ್ವಾ ಅಂತ ನನಗೂ ಅನಿಸಿತ್ತು. 8x4 ಅಡಿ ಹಾಳೆ ಅಂದರೆ 32 ಚದರ ಅಡಿ. ನಿಮ್ಮ ಹಾಸಿಗೆ ಮೂವತ್ತೆರಡೂವರೆ! ಅರ್ಧ ಚದರ ಅಡಿಗಾಗಿ ಎರಡನೇ ಹಾಳೆ. ಸಾಲದ್ದಕ್ಕೆ ಹಾಸಿಗೆಯ ಅಡಿಗೆ ಗಾಳಿಯೂ ಆಡುವುದಿಲ್ಲ. ಪಟ್ಟಿಯೇ ಇರಲಿ.

ನನ್ನ ಎರಡನೇ ಮಂಚ ಹಳೇ ಮನೆಯ ಜಂತೆಯದ್ದು. ಕೆಡವಿದ ಮನೆಗಳ ತೊಲೆ, ಬಾಗಿಲುವಾಡಗಳಲ್ಲಿ ಹೊನ್ನೆ, ಮತ್ತಿ, ಕೆಲವೊಮ್ಮೆ ತೇಗವೂ ಸಿಗುತ್ತದೆ. ದಶಕಗಟ್ಟಲೆ ಒಣಗಿದ ಮರ, ಇನ್ನು ತಿರುಚುವ ಮಾತಿಲ್ಲ. ಕಾಟ ಒಂದೇ, ಮೊಳೆ. ಒಳಗೆ ಮುರಿದು ಕೂತ ಮೊಳೆ ಗರಗಸದ ಬ್ಲೇಡನ್ನೇ ತಿಂದುಹಾಕುತ್ತದೆ ಅಂತ ಸಾಮಿಲ್‌ನವರು ಹಳೇ ಮರ ಕೊಯ್ಯಲು ಒಪ್ಪುವುದೇ ಇಲ್ಲ. ದಾರಕ್ಕೆ ಆಯಸ್ಕಾಂತ ಕಟ್ಟಿ ಉದ್ದಕ್ಕೂ ಆಡಿಸಿ, ಎಳೆದ ಕಡೆ ಸುಣ್ಣದ ಗುರುತು ಹಾಕಿ ಒಂದೊಂದಾಗಿ ಕಿತ್ತೆ. ಎರಡು ಭಾನುವಾರ ಅದಕ್ಕೇ ಹೋಯಿತು.

ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಇನ್ನೂ ಅಗ್ಗ. ಅಡ್ಡಪಟ್ಟಿಗೆ ಸಾಕು, ಕಾಲಿಗೆ ಬೇಡ. ಹಲಗೆಯ ಮೇಲೆ ಎಚ್‌ಟಿ ಅಂತ ಮುದ್ರೆ ಇದ್ದರೆ ಬಿಸಿಯಲ್ಲಿ ಹುಳ ಕೊಂದದ್ದು. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಹಾಕಿದ್ದು, ಮಲಗುವ ಕೋಣೆಗೆ ಅದು ಬೇಡ.

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಿಂದ ಶುರು ಮಾಡಿ, ಸಾಲಾಗಿ ಡಿಪೋಗಳಿವೆ. ಮೊದಲ ದಿನ ಸುಮ್ನೆ ದರ ಕೇಳಿಕೊಂಡು ಬನ್ನಿ. ಅಲ್ಲೇ ಅಳತೆಗೆ ಕೊಯ್ಸಿಕೊಂಡರೆ ಏಳಡಿಯ ಮೂರು ಬಿಟ್ಟು ಉಳಿದದ್ದೆಲ್ಲ ಆಟೋದಲ್ಲೇ ಬರುತ್ತದೆ. ಪಕ್ಕದ ಪಟ್ಟಿಗಳಿಗೆ ಮಾತ್ರ ಅಂಟು ಹಾಕಬೇಡಿ, ನಟ್ಟು ಬೋಲ್ಟಿನಲ್ಲಿ ಕೂರಿಸಿ. ನನ್ನ ಮೊದಲ ಮಂಚ ಮನೆ ಖಾಲಿ ಮಾಡುವಾಗ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಕೊನೆಗೆ ಕೊಯ್ದೇ ಇಳಿಸಿದ್ದು.